ಕೌದಿಗೆ ಮುನ್ನ ನೀರು

ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಅವುಗಳ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಹೊಲಿದು ಮುಗಿಸುವ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿಯೆಂದೂ, ಪುಣೆಯಲ್ಲಿ ಗೋಧಡಿಯೆಂದೂ, ಕೊಲ್ಹಾಪುರ ಸಾತಾರೆಗಳ ಕಡೆ ವಾಕಳವೆಂದೂ ಹೆಸರು. ಹೆಸರು ಮೂರಾದರೂ ವಿದ್ಯೆ ಒಂದೇ. ಮತ್ತು ಆ ವಿದ್ಯೆಯು ತಲೆತಲಾಂತರದಿಂದ ಹಳೆಯ ಬಟ್ಟೆಯನ್ನೇ ಆಶ್ರಯಿಸಿ ಬೆಳೆದು ಬಂದುದಾಗಿದೆ. ಈಗ ಅನೇಕರು ಪೇಟೆಯಿಂದ ಹೊಸ ಬಟ್ಟೆಯನ್ನು ಕೊಂಡು ತಂದು ಕೌದಿ ಹೊಲಿಯಲು ತೊಡಗಿರುವುದರಿಂದ, ನಮ್ಮ ಅಜ್ಜಿಯರು ಎಂದೂ ಕೇಳಿಕೊಂಡಿರದ ಒಂದು ಪ್ರಶ್ನೆ ಎದ್ದು ನಿಂತಿದೆ: ಕತ್ತರಿ ಹಾಕುವುದಕ್ಕೆ ಮುಂಚೆ ಬಟ್ಟೆಯನ್ನು ಒಗೆಯಬೇಕೆ, ಬೇಡವೆ? ಧಾರವಾಡದ ಸೀಮೆಯಿಂದ ಬಂದು ಪುಣೆಯ ಸದಾಶಿವ ಪೇಟೆಯಲ್ಲಿ ಬಹುಕಾಲದಿಂದ ನೆಲೆಸಿರುವ ಹಿರಿಯ ಗೃಹಿಣಿಯೊಬ್ಬರಿಗೂ ಅವರ ತಮ್ಮನ ಮಗಳಿಗೂ ಈ ವಿಷಯವಾಗಿ ನಡೆದ ಸಂವಾದವನ್ನು ಇಲ್ಲಿ ಬರೆದಿದೆ.

ಕಿರಿಯಳು: ಅತ್ತೆ, ಅಣ್ಣನ ಕೂಸಿಗೆಂದು ಒಂದು ಕೌದಿ ಹೊಲಿಯಲು ಮನಸ್ಸು ಮಾಡಿದ್ದೇನೆ. ರವಿವಾರ ಪೇಟೆಯಿಂದ ಇಚಲಕರಂಜಿಯ ಹತ್ತಿ ಬಟ್ಟೆ, ಖಾದಿ ಭಂಡಾರದಿಂದ ಒಂದಷ್ಟು ಖಾದಿ, ಲಕ್ಷ್ಮೀ ರಸ್ತೆಯಿಂದ ಕಡುಗೆಂಪು ಮತ್ತು ಕಡುನೀಲಿಯ ತುಂಡುಗಳು, ಅಸ್ತರಿಗೆ ಕೋರಾ ಮಾಂಜರಪಾಟ, ಎಲ್ಲವನ್ನೂ ತಂದಾಯಿತು. ಇವನ್ನೆಲ್ಲ ಒಗೆದು ಒಣಗಿಸಿದ ಮೇಲೆಯೇ ಕತ್ತರಿಸಬೇಕೊ, ಅಂಗಡಿಯಿಂದ ಬಂದ ಹಾಗೆಯೇ ಕತ್ತರಿಸಿ ಹೊಲಿದುಬಿಡಬಹುದೊ, ನನಗೆ ತಿಳಿಯದಾಗಿದೆ. ಒಗೆದರೆ ಈ ಗರಿಗರಿಯಾದ ಬಿಗಿ ಹೋಗಿಬಿಡುವುದಲ್ಲ ಎಂದು ಮನಸ್ಸು ಹಿಂಜರಿಯುತ್ತದೆ.

ಹಿರಿಯರು: ನಿನ್ನ ಪ್ರಶ್ನೆ ಸಣ್ಣದಲ್ಲ, ತಂಗೀ. ನಮ್ಮ ಮನೆಯಲ್ಲಿ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಏಕೆಂದರೆ ಕೌದಿಗೆ ಬರುವ ಬಟ್ಟೆಯು ಅದಕ್ಕೆ ಮೊದಲು ಒಂದು ಪೂರ್ಣ ಆಯುಷ್ಯವನ್ನು ಕಳೆದೇ ಬರುತ್ತಿತ್ತು. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಮಕ್ಕಳ ಅಂಗಿ ಪರಕಾರ, ಇವೆಲ್ಲ ವರ್ಷಗಟ್ಟಲೆ ಬಾವಿಕಟ್ಟೆಯ ಕಲ್ಲಿನ ಮೇಲೆ ಒಗೆಸಿಕೊಂಡು, ಬಿಸಿಲಲ್ಲಿ ಒಣಗಿ, ಬಿಡತಕ್ಕ ಬಣ್ಣವನ್ನೆಲ್ಲ ಬಿಟ್ಟು, ಕುಗ್ಗತಕ್ಕಷ್ಟು ಕುಗ್ಗಿ, ಕಡೆಗೆ ಬೆಣ್ಣೆಯಂತೆ ಮೆತ್ತಗಾದ ಮೇಲೆ ಗಂಟು ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರು. ಸುಗ್ಗಿ ತೀರಿದ ಮೇಲೆ ಓಣಿಗೆ ಬರುತ್ತಿದ್ದ ಗೊಂದಳಿಗರ ಹೆಣ್ಣುಮಕ್ಕಳು ಅಂಗಳದಲ್ಲಿ ಆ ಗಂಟನ್ನು ಬಿಚ್ಚಿ, ಸೀರೆಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ದಬ್ಬಳಕ್ಕೆ ದಾರ ಪೋಣಿಸಿ ಕುಳಿತರೆಂದರೆ, ಹೊರಗಿನ ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಒಳಕ್ಕೆ ಬರುತ್ತ, ತ್ರಿಕೋಣಗಳನ್ನೂ ಚೌಕಗಳನ್ನೂ ಹಚ್ಚುತ್ತ, ನಡುವಿನಲ್ಲಿ ಬಂದು ಗಂಟು ಹಾಕುವವರೆಗೆ ಏಳುತ್ತಿರಲಿಲ್ಲ. ಆ ಕೌದಿ ಮೊದಲ ಸಲ ನೀರಿಗೆ ಬಿದ್ದಾಗ ಒಂದು ನೂಲೂ ಅಳತೆ ತಪ್ಪುತ್ತಿರಲಿಲ್ಲ.

ಕಿರಿಯಳು: ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಹೀಗೆಯೇ ಇರುವುದೆಂದು ಕೇಳಿದ್ದೇನೆ.

ಹಿರಿಯರು: ಅದೂ ಹೀಗೆಯೇ. ಅವರು ಉಟ್ಟು ತೊಟ್ಟು ಸವೆದ ಬಟ್ಟೆಯನ್ನೇ ತೆಗೆದುಕೊಂಡು, ಮೂಲೆಗಳಿಗೆ ಮಡಿಚಿದ ಚೌಕದ ಹೂವುಗಳನ್ನು ಇಟ್ಟು ಮುಗಿಸುತ್ತಾರೆ. ಆ ಹೂವಿಲ್ಲದ ಕವಂದಿಯನ್ನು ಪೂರ್ಣವಾಯಿತೆಂದು ಅವರು ಎಣಿಸುವುದಿಲ್ಲ. ಹೆನ್ರಿ ಡ್ರೂಯಲ್ ಎಂಬ ಅಮೆರಿಕದ ವಿದ್ವಾಂಸರು ಅವುಗಳನ್ನು ಅಭ್ಯಾಸ ಮಾಡಿ ಹೊರನಾಡುಗಳಿಗೆ ಪರಿಚಯಿಸಿದರು. ಬಂಗಾಳದ ಕಾಂಥಾ ಹೊಲಿಯುವವರಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಲಿಯುವ ದಾರವನ್ನು ಕೂಡ ಹಳೆಯ ಸೀರೆಯ ಅಂಚಿನಿಂದಲೇ ಎಳೆದುಕೊಳ್ಳುತ್ತಿದ್ದರು. ಅಂದರೆ ಬಟ್ಟೆಯೂ ದಾರವೂ ಒಂದೇ ರೀತಿಯಾಗಿ ನೀರು ಕಂಡವುಗಳು.

ಕಿರಿಯಳು: ಹಾಗಾದರೆ ಒಂದು ಮಾತು ಕೇಳುತ್ತೇನೆ, ಅತ್ತೆ. ಹಳೆಯವರು ಹಳೆಯ ಬಟ್ಟೆಯನ್ನು ಬಳಸಿದ್ದು ಮಿತವ್ಯಯದಿಂದ. ಬಟ್ಟೆ ಒಗೆದದ್ದಾಗಿತ್ತೆಂಬುದು ಅದರೊಡನೆ ತಾನಾಗಿ ಬಂದ ಲಾಭ. ಆ ಆಕಸ್ಮಿಕವನ್ನು ನಾವು ನಿಯಮವೆಂದು ತಿಳಿದು ಹೊಸ ಬಟ್ಟೆಯ ಮೇಲೆ ಹೇರುವುದು ಏತಕ್ಕೆ? ಹೊಸ ಬಟ್ಟೆಗೆ ಅದರದೇ ಆದ ಧರ್ಮವಿರಬಾರದೆ?

ಹಿರಿಯರು: ಇರಬಹುದು, ಆದರೆ ಆ ಧರ್ಮವನ್ನು ತಿಳಿಯಬೇಕಾದರೆ ಬಟ್ಟೆ ಮಗ್ಗದ ಮೇಲೆ ಹೇಗೆ ಹುಟ್ಟುವುದೆಂಬುದನ್ನು ನೋಡಬೇಕು. ನೇಕಾರನು ಹಾಸಿನ ನೂಲನ್ನು ಗಂಜಿಯಲ್ಲಿ ಅದ್ದುತ್ತಾನೆ, ಇಲ್ಲದಿದ್ದರೆ ಅದು ಹಣಿಗೆಯ ತಿಕ್ಕಾಟಕ್ಕೆ ಹರಿದುಹೋಗುತ್ತದೆ. ಅನಂತರ ಆ ನೂಲನ್ನು ಬಿಗಿಯಾಗಿ ಎಳೆದು ಕಟ್ಟಿ, ಎಳೆದ ಸ್ಥಿತಿಯಲ್ಲಿಯೇ ಹೊಕ್ಕನ್ನು ಹಾಯಿಸುತ್ತಾನೆ. ಕೈಮಗ್ಗಕ್ಕೂ, 1904ರಷ್ಟು ಹಿಂದೆಯೇ ಇಚಲಕರಂಜಿಗೆ ಬಂದ ಯಂತ್ರಮಗ್ಗಕ್ಕೂ ಈ ಮಾತು ಸಮಾನ. ಆದ್ದರಿಂದ ಥಾನಿನಲ್ಲಿ ಸುತ್ತಿಟ್ಟ ಬಟ್ಟೆಯು ತನ್ನ ಸಹಜವಾದ ಅಳತೆಗಿಂತ ಹಿಗ್ಗಿದ ಸ್ಥಿತಿಯಲ್ಲಿ, ಗಂಜಿಯ ಆಸರೆಯಿಂದ ನಿಂತಿರುತ್ತದೆ. ನೀರು ತಾಗಿದೊಡನೆ ಗಂಜಿ ಕರಗುತ್ತದೆ, ಹತ್ತಿಯ ಎಳೆ ನೀರು ಕುಡಿದು ದಪ್ಪವಾಗುತ್ತದೆ, ದಪ್ಪವಾದ ಹೊಕ್ಕಿನ ನೂಲುಗಳನ್ನು ಬಳಸಿ ಸಾಗಬೇಕಾದ ಹಾಸಿನ ನೂಲಿಗೆ ಹೆಚ್ಚು ಬಾಗಬೇಕಾಗುತ್ತದೆ, ಹಾಗೆ ಬಾಗಿದಷ್ಟೂ ಬಟ್ಟೆಯ ಉದ್ದ ಕಡಿಮೆಯಾಗುತ್ತದೆ. ಉದ್ದದಲ್ಲಿ ಹೆಚ್ಚು, ಅಗಲದಲ್ಲಿ ಕಡಿಮೆ ಕುಗ್ಗುವುದಕ್ಕೆ ಇದೇ ಕಾರಣ. ಈ ಕುಗ್ಗುವಿಕೆಯು ಬಟ್ಟೆ ತನ್ನ ಸ್ವಸ್ಥಿತಿಗೆ ಮರಳುವುದೇ ಹೊರತು ದೋಷವಲ್ಲ. ಹೊಲಿಯುವ ಮುಂಚೆ ಮರಳಿದರೆ ನಮಗೆ ಅನುಕೂಲ. ಹೊಲಿದ ಮೇಲೆ ಮರಳಿದರೆ ಕೌದಿಗೆ ಕಷ್ಟ.

ಕಿರಿಯಳು: ಕಷ್ಟವೆಂದರೆ ಎಷ್ಟರ ಮಟ್ಟಿನದು? ಒಂದು ಅಂಗುಲ ಕಡಿಮೆಯಾದರೆ ಕೂಸಿನ ಕಾಲೇನೂ ಹೊರಗೆ ಉಳಿಯದಲ್ಲ.

ಹಿರಿಯರು: ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ನೀನು ಹೇಳಿದಂತೆ ಹೆಚ್ಚಿನ ತೊಂದರೆಯಿಲ್ಲ. ಆದರೆ ನಿನ್ನ ಬುಟ್ಟಿಯಲ್ಲಿ ಖಾದಿಯಿದೆ, ಯಂತ್ರಮಗ್ಗದ ಬಟ್ಟೆಯಿದೆ, ಕೋರಾ ಮಾಂಜರಪಾಟವಿದೆ. ಇವು ಮೂರೂ ಮೂರು ಬಗೆಯಾಗಿ ನಡೆದುಕೊಳ್ಳುತ್ತವೆ. ಸಂಸ್ಕಾರವಿಲ್ಲದ ಹತ್ತಿ ಬಟ್ಟೆ ನೂರಕ್ಕೆ 5ರಷ್ಟು ಕುಗ್ಗುವುದು ಸಾಮಾನ್ಯ. 40 ಅಂಗುಲದ ಕೂಸಿನ ಕೌದಿಯಲ್ಲಿ ಅದು 2 ಅಂಗುಲ. 90 ಅಂಗುಲದ ದೊಡ್ಡ ಕೌದಿಯಲ್ಲಿ ನಾಲ್ಕೂವರೆ ಅಂಗುಲ. ಮೇಲಿನ ಪದರ ಹೆಚ್ಚುಕಡಿಮೆ ನಿಂತಲ್ಲೇ ನಿಂತು ಅಸ್ತರು ಮಾತ್ರ ನಾಲ್ಕೂವರೆ ಅಂಗುಲ ಒಳಕ್ಕೆ ಸರಿದರೆ, ಮಿಕ್ಕ ಬಟ್ಟೆ ಎಲ್ಲಿಗೆ ಹೋಗಬೇಕು? ಹೊಲಿಗೆಯ ಸಾಲುಗಳ ನಡುವೆ ಉಬ್ಬುತ್ತದೆ, ಅಂಚು ಓರೆಯಾಗುತ್ತದೆ, ದಾರ ಎಳೆದು ಸಣ್ಣ ತುಂಡುಗಳ ಮೂಲೆ ಬಿಟ್ಟುಕೊಳ್ಳುತ್ತದೆ. ಒಂದು ಪರೀಕ್ಷೆ ಹೇಳುತ್ತೇನೆ, ಇವತ್ತೇ ಮಾಡಿ ನೋಡು. ಪ್ರತಿಯೊಂದು ಬಟ್ಟೆಯ ಮೇಲೂ ಪೆನ್ಸಿಲಿನಿಂದ 20 ಅಂಗುಲದ ಒಂದು ಚೌಕವನ್ನು ಗುರುತು ಮಾಡು. ಹಾಸಿನ ದಿಕ್ಕು ಯಾವುದೆಂದು ಅಂಚು ನೋಡಿ ಬರೆದಿಡು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಮತ್ತೆ ಅಳೆ. 20 ಅಂಗುಲ 19 ಆಗಿದ್ದರೆ ನೂರಕ್ಕೆ 5 ಕುಗ್ಗಿತೆಂದು ತಿಳಿ. ಅದರ ಮೇಲೆ ಯಾರ ಮಾತೂ ಬೇಕಾಗಿಲ್ಲ.

ಕಿರಿಯಳು: ಈಗಿನ ಗಿರಣಿಗಳು ಬಟ್ಟೆಯನ್ನು ಮೊದಲೇ ಕುಗ್ಗಿಸಿ ಮಾರುತ್ತವೆಯಲ್ಲ? ಅಂಗಡಿಯವರೂ ಹಾಗೆಯೇ ಹೇಳಿದರು.

ಹಿರಿಯರು: ಅದು ನಿಜವಾದ ವಿದ್ಯೆ, ಅಲ್ಲಗಳೆಯುವಂತಿಲ್ಲ. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬವರು 1930ರ ಸುಮಾರಿನಲ್ಲಿ ಒಂದು ಯಂತ್ರವನ್ನು ಸಿದ್ಧಪಡಿಸಿದರು; ತೇವಗೊಳಿಸಿದ ಬಟ್ಟೆಯನ್ನು ಅದು ಉದ್ದದ ದಿಕ್ಕಿನಲ್ಲಿ ಒತ್ತಿ, ನೀರು ಮುಂದೆ ಮಾಡಬೇಕಾದ ಕೆಲಸವನ್ನು ಗಿರಣಿಯಲ್ಲೇ ಮುಗಿಸಿಬಿಡುತ್ತದೆ. ಅದರಿಂದಾಗಿಯೇ ನಮ್ಮ ದೇಶದ ಗಿರಣಿ ಬಟ್ಟೆಗಳ ಅಂಚಿನಲ್ಲಿ ಸ್ಯಾನ್‌ಫರೈಜ್ಡ್ ಎಂಬ ಮುದ್ರೆ ಕಾಣತೊಡಗಿತು. ಆ ಮುದ್ರೆಯುಳ್ಳ ಬಟ್ಟೆ ಮುಂದೆ ನೂರಕ್ಕೆ ಒಂದಕ್ಕಿಂತ ಹೆಚ್ಚು ಕುಗ್ಗುವುದಿಲ್ಲವೆಂಬುದು ಅದರ ವಾಗ್ದಾನ. ಆದರೆ ಈ ಸಂಸ್ಕಾರ ನಿನ್ನ ಖಾದಿಗೆ ಆಗಿಲ್ಲ, ಮಾಂಜರಪಾಟಕ್ಕೆ ಆಗಿಲ್ಲ. ಥಾನಿನಿಂದ ಕತ್ತರಿಸಿ ಕೊಟ್ಟ ತುಂಡಿಗೆ ಆಗಿದೆಯೊ ಇಲ್ಲವೊ ಎಂಬುದನ್ನು ಅಂಗಡಿಯವನ ಮಾತಿನಿಂದ ತಿಳಿಯಲಾಗದು. ಒಂದು ಬಟ್ಟೆ ಕುಗ್ಗಿ ಬಂದಿದೆಯೆಂಬುದೇ, ಅದರ ಜೊತೆಗೆ ಇಡುವ ಉಳಿದ ಬಟ್ಟೆಗಳನ್ನು ಮೊದಲು ಒಗೆಯಬೇಕೆಂಬುದಕ್ಕೆ ಇನ್ನೊಂದು ಕಾರಣವಾಗುತ್ತದೆ.

ಕಿರಿಯಳು: ಬಣ್ಣದ ವಿಷಯವೇನು? ಕಡುಗೆಂಪನ್ನು ಬಿಳಿಯ ಖಾದಿಯ ಪಕ್ಕದಲ್ಲೇ ಇಡಬೇಕೆಂದು ನನ್ನ ಆಸೆ. ಬಣ್ಣ ಬಿಡದಿರಲೆಂದು ಉಪ್ಪುನೀರಿನಲ್ಲಿ ನೆನೆಸಿದರಾಯಿತೆಂದು ನೆರೆಯವರು ಹೇಳಿದರು.

ಹಿರಿಯರು: ಉಪ್ಪಿನ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ, ಅದರ ಮೂಲವೂ ಬಣ್ಣಗಾರರ ಕೊಪ್ಪರಿಗೆಯಲ್ಲಿಯೇ ಇದೆ. ಹತ್ತಿಗೆ ಬಣ್ಣ ಹಾಕುವಾಗ ನೀರಿನಲ್ಲಿರುವ ಬಣ್ಣ ನೂಲಿನ ಕಡೆಗೆ ಸರಿಯಲೆಂದು ಅವರು ಉಪ್ಪು ಹಾಕುವುದುಂಟು. ಆದರೆ ಬಣ್ಣ ಹಾಕಿ ಮುಗಿಸಿದ ಬಟ್ಟೆಯನ್ನು ಮನೆಯಲ್ಲಿ ಉಪ್ಪುನೀರಿಗೆ ಹಾಕಿದರೆ ಕಚ್ಚಾ ಬಣ್ಣ ಪಕ್ಕಾ ಆಗುವುದಿಲ್ಲ. 1956ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದು ಈಗ ಹತ್ತಿ ಬಟ್ಟೆಗೆ ಬಹುವಾಗಿ ಬಳಕೆಯಲ್ಲಿರುವ ರಿಯಾಕ್ಟಿವ್ ಬಣ್ಣಗಳು ಹತ್ತಿಯೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ; ಹಾಗೆ ಬೆಸೆದ ಬಣ್ಣ ಸುಲಭವಾಗಿ ಹೋಗದು. ಆದರೆ ಬೆಸೆಯದೆ ಉಳಿದ ಒಂದು ಭಾಗ ನೂಲಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ಬಿಸಿನೀರು ಸಾಬೂನುಗಳಿಂದ ಅದನ್ನು ತೊಳೆದು ತೆಗೆಯಬೇಕಾದದ್ದು ಬಣ್ಣಗಾರನ ಕೆಲಸ. ಅವನು ಅವಸರದಲ್ಲಿ ಬಿಟ್ಟದ್ದನ್ನು ನಾವು ಮನೆಯಲ್ಲಿ ಮಾಡಬೇಕಾಗುತ್ತದೆ. ನೀಲಿಯ ಗಿಡದ ನೀಲಿಯಂತೂ ನೂಲಿನ ಮೇಲ್ಮೈಯಲ್ಲೇ ಹೆಚ್ಚಾಗಿ ನಿಲ್ಲುವುದರಿಂದ, ನೀರಿಗಿಂತ ತಿಕ್ಕಾಟಕ್ಕೆ ಹೆಚ್ಚು ಬಿಡುತ್ತದೆ; ಅದನ್ನು ಬಿಳಿಯ ಪಕ್ಕದಲ್ಲಿ ಇಡದಿರುವುದೇ ವಿವೇಕ.

ಕಿರಿಯಳು: ಕೆಂಪು ಬಿಡುವುದೊ ಇಲ್ಲವೊ ಎಂದು ತಿಳಿಯುವುದು ಹೇಗೆ?

ಹಿರಿಯರು: ಕೆಂಪು ಬಟ್ಟೆಯ ಒಂದು ಮೂಲೆಯನ್ನು ಚೆನ್ನಾಗಿ ಒದ್ದೆ ಮಾಡಿ, ಅದರ ಮೇಲೆ ಹಳೆಯ ಬಿಳಿಯ ಧೋತರದ ತುಂಡನ್ನು ಇಟ್ಟು ಬಿಸಿ ಇಸ್ತ್ರಿಯಿಂದ ಒತ್ತು. ಧೋತರದ ಮೇಲೆ ಕೆಂಪು ಇಳಿದರೆ, ಇಳಿಯುವುದು ನಿಲ್ಲುವವರೆಗೂ ಆ ಬಟ್ಟೆಯನ್ನು ಬೇರೆಯಾಗಿ ಒಗೆಯುತ್ತಿರು. ಎಷ್ಟು ಸಲ ಒಗೆದರೂ ನಿಲ್ಲದಿದ್ದರೆ, ಎಷ್ಟೇ ಚೆಲುವಾಗಿದ್ದರೂ ಅದನ್ನು ಕೌದಿಗೆ ಹಾಕಬೇಡ. ನಮ್ಮ ಧಾರವಾಡ ಜಿಲ್ಲೆಯ ಗರಗದಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿಯನ್ನು ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜವನ್ನು ಸಿದ್ಧಪಡಿಸುತ್ತಾರೆ. ಧ್ವಜಕ್ಕೆಂದು 1951ರಲ್ಲಿ ಗೊತ್ತುಪಡಿಸಿದ ಭಾರತೀಯ ಮಾನಕವು ನೂಲು ನೇಯ್ಗೆಗಳ ಜೊತೆಗೆ ಬಣ್ಣದ ಗಟ್ಟಿತನವನ್ನೂ ಕೇಳುತ್ತದೆ. ಅಲ್ಲಿಯೂ ಬಿಳಿಯ ಪಟ್ಟಿಯ ಒಂದು ಪಕ್ಕಕ್ಕೆ ಕೇಸರಿ, ಇನ್ನೊಂದು ಪಕ್ಕಕ್ಕೆ ಹಸಿರು ಇದೆಯಲ್ಲವೆ? ಮಳೆಯಲ್ಲಿ ಒಂದು ಇನ್ನೊಂದಕ್ಕೆ ಹರಿದರೆ ಧ್ವಜದ ಮರ್ಯಾದೆ ಹೋಗುತ್ತದೆ. ಕೂಸಿನ ಕೌದಿಗೂ ಅದರ ಮಟ್ಟಿಗೆ ಒಂದು ಮರ್ಯಾದೆಯುಂಟು.

ಕಿರಿಯಳು: ಇಷ್ಟೆಲ್ಲ ಒಪ್ಪಿದೆ, ಅತ್ತೆ. ಆದರೂ ಒಗೆಯದಿರುವುದರ ಪರವಾಗಿ ಎರಡು ಮಾತುಗಳಿವೆ. ಅವನ್ನು ಕೇಳಿಯೇ ತೀರ್ಪು ಕೊಡಿ. ಮೊದಲನೆಯದು, ಗಂಜಿಯ ಬಿಗಿಯಿರುವ ಬಟ್ಟೆಯನ್ನು ಕತ್ತರಿಸಿದರೆ ತ್ರಿಕೋಣದ ಓರೆಯಂಚು ಹಿಗ್ಗುವುದಿಲ್ಲ, ಮೂಲೆಗೆ ಮೂಲೆ ಕೂಡುತ್ತದೆ. ಒಗೆದ ಬಟ್ಟೆ ಕೈಯಲ್ಲಿ ಜೋಲುತ್ತದೆ, ಅಂಚಿನಿಂದ ನೂಲು ಬಿಡುತ್ತದೆ. ಎರಡನೆಯದು, ಒಗೆಯದ ಬಟ್ಟೆಯಿಂದ ಹೊಲಿದ ಕೌದಿಯನ್ನು ಮೊದಲ ಸಲ ಒಗೆದಾಗ ಹೊಲಿಗೆಯ ಸುತ್ತಲೂ ಬೀಳುವ ಸಣ್ಣ ಸಣ್ಣ ಸುಕ್ಕುಗಳಿಂದ ಅದಕ್ಕೆ ಹಳೆಯ ಕೌದಿಯ ಕಳೆ ಬರುತ್ತದೆ. ಆ ಸುಕ್ಕಿಗಾಗಿಯೇ ಒಗೆಯದೆ ಹೊಲಿಯುವವರಿದ್ದಾರೆ.

ಹಿರಿಯರು: ಎರಡೂ ತೂಕವುಳ್ಳ ಮಾತುಗಳು. ಮೊದಲನೆಯದಕ್ಕೆ ಪರಿಹಾರ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಒಗೆಯುವ ಮುಂಚೆ ಬಟ್ಟೆಯ ನಾಲ್ಕು ಮೂಲೆಗಳನ್ನು ಓರೆಯಾಗಿ ಸ್ವಲ್ಪವೇ ಕತ್ತರಿಸಿ ಬಿಟ್ಟರೆ ನೂಲು ಬಿಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಒಗೆದು ಮುಗಿದ ಮೇಲೆ ಅನ್ನದ ತಿಳಿಗಂಜಿಯಲ್ಲಿ ಅದ್ದಿ, ಅರ್ಧ ಒಣಗಿದಾಗ ಇಸ್ತ್ರಿ ಮಾಡಿದರೆ ಅಂಗಡಿಯ ಬಿಗಿಗಿಂತ ಒಂದು ತೂಕ ಹೆಚ್ಚಿನ ಬಿಗಿಯೇ ಬರುತ್ತದೆ. ವ್ಯತ್ಯಾಸವಿಷ್ಟೆ: ಮಗ್ಗದ ಗಂಜಿ ಹಿಗ್ಗಿದ ಬಟ್ಟೆಯನ್ನು ಹಿಡಿದಿರುತ್ತದೆ, ನಿನ್ನ ಗಂಜಿ ಕುಗ್ಗಿದ ಬಟ್ಟೆಯನ್ನು ಹಿಡಿಯುತ್ತದೆ. ಹೊಲಿದು ಮುಗಿಸಿ ಒಗೆದಾಗ ಗಂಜಿ ಹೋದರೂ ಅಳತೆ ಹೋಗುವುದಿಲ್ಲ. ಕೌದಿ ಮುಗಿದೊಡನೆ ಅದನ್ನು ಒಗೆದು ಗಂಜಿ ತೆಗೆಯುವುದನ್ನು ಮಾತ್ರ ಮರೆಯಬೇಡ. ಗಂಜಿ ಉಳಿದ ಬಟ್ಟೆಗೆ ಹುಳು ಬರುತ್ತದೆ.

ಕಿರಿಯಳು: ಸುಕ್ಕಿನ ಮಾತು?

ಹಿರಿಯರು: ಸುಕ್ಕು ಬೇಕೆನ್ನುವವರನ್ನು ನಾನು ತಪ್ಪೆನ್ನುವುದಿಲ್ಲ. ಎಲ್ಲ ಪದರಗಳೂ ಒಂದೇ ಥಾನಿನ ಬಟ್ಟೆಯಾಗಿದ್ದು, ಬಣ್ಣ ಪಕ್ಕಾ ಆಗಿದ್ದು, ಹಾಸಿನ ದಿಕ್ಕುಗಳು ಒಂದಾಗಿದ್ದರೆ, ಒಗೆಯದೆ ಹೊಲಿದು ಆಮೇಲೆ ಒಗೆದಾಗ ಆ ಸುಕ್ಕು ಸಮವಾಗಿ ಎಲ್ಲ ಕಡೆಗೂ ಬೀಳುತ್ತದೆ, ನೋಡಲು ಚೆಲುವಾಗಿಯೂ ಇರುತ್ತದೆ. ಆದರೆ ತುಂಡುಗಳನ್ನು ಜೋಡಿಸುವ ಕೌದಿಯ ಸ್ವಭಾವವೇ ಬೇರೆ. ಅದರಲ್ಲಿ ನಾಲ್ಕಾರು ಮನೆಗಳ, ನಾಲ್ಕಾರು ಮಗ್ಗಗಳ ಬಟ್ಟೆ ಸೇರುತ್ತದೆ. ಬುದ್ಧದೇವನು ಭಿಕ್ಷುಗಳಿಗೆ ಚೀವರವನ್ನು ತುಂಡುಗಳಿಂದ ಹೊಲಿದುಕೊಳ್ಳಿರೆಂದು ವಿಧಿಸಿದಾಗ, ಮಗಧದ ಗದ್ದೆಗಳ ಬದುಗಳನ್ನು ತೋರಿಸಿ ಅದೇ ಮಾದರಿಯಲ್ಲಿ ಮಾಡುವಂತೆ ಆನಂದನಿಗೆ ಹೇಳಿದನೆಂದು ವಿನಯಪಿಟಕದಲ್ಲಿದೆ. ಅಲ್ಲಿಯೇ ಕಠಿನ ಚೀವರವನ್ನು ಸಿದ್ಧಪಡಿಸುವ ಕೆಲಸಗಳನ್ನು ಎಣಿಸುವಾಗ, ಕತ್ತರಿಸುವುದು, ಹೊಲಿಯುವುದು, ಬಣ್ಣ ಹಾಕುವುದು ಇವುಗಳ ಜೊತೆಗೆ ಒಗೆಯುವುದೂ ಬರುತ್ತದೆ. ನಮ್ಮ ಧರ್ಮಶಾಸ್ತ್ರದ ನಿಬಂಧಕಾರರು ಕೂಡ ಪುಣ್ಯಕರ್ಮಕ್ಕೆ ಯೋಗ್ಯವಾದ ವಸ್ತ್ರದ ಲಕ್ಷಣವನ್ನು ಹೇಳುವಾಗ, ಅದು ಹೊಸದಾಗಿರಬೇಕು, ಬಿಳಿಯದಾಗಿರಬೇಕು, ಯಾರೂ ಉಟ್ಟಿರಬಾರದು ಎಂದದ್ದಲ್ಲದೆ, ಒಂದು ಸಲ ಹಗುರವಾಗಿ ಒಗೆದದ್ದಾಗಿರಬೇಕೆಂದೂ ಹೇಳಿದ್ದಾರೆ. ಹೊಸತನಕ್ಕೂ ನೀರಿಗೂ ವಿರೋಧವಿದೆಯೆಂದು ಅವರು ಎಣಿಸಲಿಲ್ಲ.

ಕಿರಿಯಳು: ಕೂಸಿನ ವಿಷಯದಲ್ಲಿ ಬೇರೆ ಯಾವುದಾದರೂ ಎಚ್ಚರಿಕೆ ಬೇಕೆ?

ಹಿರಿಯರು: ಬೇಕು, ಮತ್ತು ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡ ಕಾರಣ. ಬಾಣಂತಿಯ ಕೋಣೆಯಲ್ಲಿ ಕೂಸನ್ನು ಮೊದಲು ಮಲಗಿಸುವುದು ಅಜ್ಜಿಯ ಹಳೆಯ ಸೀರೆಯ ಮೇಲೆ; ಸುತ್ತುವುದೂ ಹಳೆಯ ಮೆತ್ತನೆಯ ಬಟ್ಟೆಯಲ್ಲಿ. ಈ ಪದ್ಧತಿ ನಮ್ಮಲ್ಲಿಯೂ ಇದೆ, ಇಲ್ಲಿಯ ಮರಾಠಿ ಮನೆಗಳಲ್ಲಿಯೂ ಇದೆ. ಹಿರಿಯರ ಆಶೀರ್ವಾದ ಅದರಲ್ಲಿದೆ ಎನ್ನುತ್ತಾರೆ, ಅದು ಸರಿಯೆ. ಜೊತೆಗೆ ಕೂಸಿನ ಎಳೆಯ ಚರ್ಮಕ್ಕೆ ಬಟ್ಟೆಯ ಗಂಜಿಯಾಗಲಿ ಬಣ್ಣದ ಪುಡಿಯಾಗಲಿ ತಾಗಬಾರದೆಂಬ ವಿವೇಕವೂ ಇದೆ. ಈಗಂತೂ ಸುಕ್ಕು ಬೀಳದಿರಲೆಂದು ಕೆಲವು ಬಟ್ಟೆಗಳಿಗೆ ಫಾರ್ಮಾಲ್ಡಿಹೈಡ್ ಸೇರಿದ ಲೇಪವನ್ನು ಕೊಡುತ್ತಾರೆ. ಅದು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಒಗೆದರೆ ಅದರ ಅಂಶ ಕಡಿಮೆಯಾಗುತ್ತದೆ. ಉಡುಗೊರೆಗೆಂದು ಖಣದಲ್ಲಿ ಹೊಲಿದ ಕುಂಚಿಗೆಯನ್ನು ನಾಮಕರಣದ ದಿನ ಒಂದು ಗಳಿಗೆ ಹಾಕಿ ತೆಗೆಯುತ್ತೇವೆ, ಅದರ ಮಾತು ಬೇರೆ. ಕೌದಿಯಾದರೋ ರಾತ್ರಿಯೆಲ್ಲ ಮೈಗೆ ತಾಗಿರುವ ವಸ್ತು. ಕೂಸು ಅದರ ಅಂಚನ್ನು ಬಾಯಿಗೂ ಹಾಕಿಕೊಳ್ಳುತ್ತದೆ.

ಕಿರಿಯಳು: ಖಣವೆಂದಿರಿ. ಗುಳೇದಗುಡ್ಡದ ಖಣದ ಒಂದು ತುಂಡನ್ನೂ ಇಳಕಲ್ ಸೀರೆಯ ರೇಷ್ಮೆ ಸೆರಗಿನ ಒಂದು ಪಟ್ಟಿಯನ್ನೂ ನಡುವೆ ಇಡಬೇಕೆಂದಿದ್ದೆ.

ಹಿರಿಯರು: ಅವನ್ನು ಬಿಟ್ಟುಬಿಡು, ಅಥವಾ ಗೋಡೆಗೆ ತೂಗುಹಾಕುವ ಬೇರೊಂದು ಕೌದಿಗೆ ಇಟ್ಟುಕೊ. ಸಾಂಪ್ರದಾಯಿಕ ಖಣದಲ್ಲಿ ರೇಷ್ಮೆಯ ಹಾಸು, ಹತ್ತಿಯ ಹೊಕ್ಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ರೇಷ್ಮೆಯೂ ಹತ್ತಿಯೂ ನೀರಿಗೆ ಒಂದೇ ರೀತಿಯಾಗಿ ಸ್ಪಂದಿಸುವುದಿಲ್ಲ; ವಾರವಾರ ಒಗೆಯುವ ಹೊದಿಕೆಯಲ್ಲಿ ಅವುಗಳಿಗೆ ಸ್ಥಾನವಿಲ್ಲ. ಎಂದೂ ನೀರಿಗೆ ಹೋಗದ ಅಲಂಕಾರದ ವಸ್ತುವನ್ನು ಮೊದಲು ಒಗೆಯಬೇಕಾದ ಅಗತ್ಯವೂ ಇಲ್ಲ. ಅಂಗೈಗಿಂತ ಸಣ್ಣದಾಗಿ ಮೊದಲೇ ಕತ್ತರಿಸಿ ಮಾರುವ ತುಂಡುಗಳನ್ನು ಒಗೆಯಲು ಹೋದರೆ ನೂಲಿನ ಗಂಟೇ ಕೈಗೆ ಬರುತ್ತದೆ. ಅಂಥವನ್ನು ಅಂಥವುಗಳ ಜೊತೆಗೇ ಇಟ್ಟು ಹೊಲಿಯಬೇಕು, ಒಗೆದದ್ದರೊಡನೆ ಬೆರೆಸಬಾರದು.

ಕಿರಿಯಳು: ಕೊನೆಯದಾಗಿ ನೀರಿನ ಮಾತು. ಖಡಕವಾಸಲೆಯ ನೀರನ್ನು ಇಷ್ಟು ದೊಡ್ಡ ನಗರ ಹಂಚಿಕೊಳ್ಳಬೇಕಾಗಿರುವಾಗ, ಹೊಸ ಬಟ್ಟೆಯನ್ನು ಒಗೆಯುವುದಕ್ಕೆ ನೀರು ಸುರಿಯುವುದು ಸರಿಯೆ?

ಹಿರಿಯರು: ಆ ಚಿಂತೆ ಒಳ್ಳೆಯದು. ಆದರೆ ಲೆಕ್ಕ ಹಾಕಿ ನೋಡು. ತಿಳಿಬಣ್ಣದವುಗಳನ್ನೆಲ್ಲ ಒಟ್ಟಿಗೆ ಒಂದು ಬಕೆಟ್ಟಿನಲ್ಲಿ ಸಾಬೂನಿಲ್ಲದೆ ನೆನೆಸಿದರೆ ಸಾಕು, ಕುಗ್ಗುವುದು ಅಲ್ಲಿಗೇ ಬಹುಮಟ್ಟಿಗೆ ಮುಗಿಯುತ್ತದೆ. ಗಂಜಿಯ ಆ ನೀರು ತುಳಸಿಗೂ ಹೂಗಿಡಕ್ಕೂ ಆಗುತ್ತದೆ. ಕಡುಬಣ್ಣದವುಗಳಿಗೆ ಮಾತ್ರ ಇನ್ನೊಂದೆರಡು ಬಕೆಟ್ಟು ಬೇಕಾದೀತು. ಕೆಟ್ಟುಹೋದ ಕೌದಿಯನ್ನು ಬಿಚ್ಚಿ ಹೊಸ ಬಟ್ಟೆ ತಂದು ಮತ್ತೆ ಹೊಲಿಯುವುದಾದರೆ, ಆ ಬಟ್ಟೆಯ ಹತ್ತಿ ಹೊಲದಲ್ಲಿ ಕುಡಿದ ನೀರಿಗೆ ಅಳತೆಯುಂಟೆ? ಇಷ್ಟು ಮಾತ್ರ ನೆನಪಿರಲಿ: ಈ ಕೆಲಸವನ್ನು ಮೃಗಶಿರೆಯ ಮಳೆ ಹಿಡಿಯುವ ಮುಂಚೆ ಮುಗಿಸು. ಪುಣೆಯ ಚೈತ್ರ ವೈಶಾಖದ ಗಾಳಿಯಲ್ಲಿ ಬಟ್ಟೆ ನೆರಳಿನಲ್ಲಿಯೂ ಬೇಗ ಒಣಗುತ್ತದೆ. ಆಷಾಢದಲ್ಲಿ ಒಳಗೆ ಹರವಿದರೆ ಮುಗ್ಗುಲು ವಾಸನೆ ಹಿಡಿಯುತ್ತದೆ.

ಕಿರಿಯಳು: ಹಾಗಾದರೆ ತೀರ್ಪು ಒಗೆಯಬೇಕೆಂದೇ?

ಹಿರಿಯರು: ಕೌದಿ ತನ್ನ ಬಾಳಿನಲ್ಲಿ ನೀರು ಕಾಣತಕ್ಕದ್ದಾದರೆ, ಅದರ ಪ್ರತಿಯೊಂದು ಬಟ್ಟೆಯೂ ಹೊಲಿಗೆಗೆ ಮುಂಚೆ ನೀರು ಕಂಡಿರಬೇಕು. ನವರಾತ್ರಿಯ ಘಟಸ್ಥಾಪನೆಗೆ ಮೊದಲು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಒಣಗಿಸುವ ಪದ್ಧತಿ ಇಲ್ಲಿಯೂ ಇದೆ, ನಮ್ಮ ಸೀಮೆಯಲ್ಲಿಯೂ ಇದೆ; ಕೌದಿಯೆಂದರೆ ವರ್ಷಕ್ಕೆ ಒಂದು ಸಲವಾದರೂ ಪೂರ್ತಿಯಾಗಿ ನೀರಿಗೆ ಬೀಳುವ ವಸ್ತುವೆಂದೇ ಅರ್ಥ. ಕೂಸಿನದಾದರೆ ವರ್ಷವೇಕೆ, ದಿನ ಬಿಟ್ಟು ದಿನ ಬೀಳುತ್ತದೆ. ನಮ್ಮ ಅಜ್ಜಿಯರ ಬಟ್ಟೆಗೆ ಕಾಲವೇ ಈ ಸಂಸ್ಕಾರವನ್ನು ಮಾಡಿ ಕೊಡುತ್ತಿತ್ತು. ಹೊಸ ಬಟ್ಟೆಗೆ ಅದನ್ನು ನಾವು ಕೈಯಾರೆ ಮಾಡಬೇಕು. ಖಾದಿ, ಮಾಂಜರಪಾಟ, ಕೆಂಪು, ನೀಲಿ, ಒಂದನ್ನೂ ಬಿಡದೆ ಒಗೆ. ಬಣ್ಣ ಬಿಡುವುದನ್ನು ತೆಗೆದಿಡು. ಗಂಜಿ ಹಾಕಿ ಇಸ್ತ್ರಿ ಮಾಡು. ಆಮೇಲೆ ಕತ್ತರಿ ಹಿಡಿ.